ರೈಟರ್ ಮರುಳಸಿದ್ದಪ್ಪನವರ ಹಾಜರಿ

ಸಿಲ್ವರ್ ಓಕ್ ಮರದ ಕೊಂಬೆ ಮುರಿದು ಟಿವಿಯ ಡಿಶ್ ಮೇಲೆ ಬೀಳದೆ ಇದ್ದಿದ್ದರೆ ರೈಟರ್ ಮರುಳಸಿದ್ದಪ್ಪನವರ ಸಂಜೆಗಳು ನೆಮ್ಮದಿಯಾಗಿಯೇ ಇರುತ್ತಿದ್ದವು. ಡಿಶ್ ಸೊಟ್ಟಗಾಗಿ ಮೂರು ತಿಂಗಳು. ರಿಪೇರಿಯವನನ್ನು ಕರೆಸುತ್ತೇನೆಂದರೆ ಹೆಂಡತಿ ಗುರುಸಿದ್ದಮ್ಮ, "ಬೇಡ ಬಿಡಿ, ಸೀರಿಯಲ್ ಮೊಬೈಲಲ್ಲೇ ನೋಡ್ತೀನಿ" ಅಂದುಬಿಟ್ಟರು. ನೆಟ್‌ವರ್ಕ್ ಸಿಗುವುದೋ, ಮನೆಯಿಂದ ಒಂದು ಕಿಲೋಮೀಟರು ಏರು ಹತ್ತಿದರೆ ಶನಿವಾರಸಂತೆ ರಸ್ತೆಯ ಬಸ್ ತಂಗುದಾಣದಲ್ಲಿ. "ನೀನೊಬ್ಳೇ ಹೋಗಿ ಬಾ" ಎಂದರೆ, "ದಾರೀಲಿ ನಾಯಿ ಇದಾವೆ ಕಣ್ರೀ" ಎನ್ನುತ್ತಾರೆ. ಹೀಗೆ ದಿನಾ ಸಂಜೆ ಆರಕ್ಕೆ ರೈಟರೂ ಜೊತೆಗೆ ಏರು ಹತ್ತಬೇಕಾಯಿತು.

ನಡಿಗೆಯೆಂದರೆ ಮರುಳಸಿದ್ದಪ್ಪನವರಿಗೆ ಮೊದಲಿನಿಂದಲೂ ಆಗದು. ಸಕ್ಕರೆ ಕಾಯಿಲೆಗೆ ದಿನಾ ನಡೆಯಿರಿ ಎಂದ ಸೋಮವಾರಪೇಟೆಯ ಡಾಕ್ಟರನ್ನೇ, "ನೀವು ನಡೀತೀರಾ?" ಎಂದು ಕೇಳಿ ಎದ್ದುಬಂದ ಮಹಾನುಭಾವರು.

ಹಾಗಾಗಿ, ವಿಡಿಯೊ ಇಳಿಸಿಕೊಂಡು ನೆಟ್‌ವರ್ಕಿಲ್ಲದೆಯೂ ನೋಡುವ ಆ್ಯಪ್ ಇದೆಯೆಂದು ಗೊತ್ತಾದದ್ದೇ ತಡ, ಭಾನುವಾರ ಬೆಳಿಗ್ಗೆಯೇ ಪರೀಕ್ಷೆ ಶುರುವಾಯಿತು. ವಾರದ ಸೀರಿಯಲ್ ಒಮ್ಮೆಗೇ ಇಳಿಸಿಟ್ಟರೆ ಆಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂರಬಹುದು. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರಾಗಿ ಕೆಲಸದವರ ಹಾಜರಿ ಬರೆದ ಕೈ ಸುಮ್ಮನಿರುತ್ತದೆಯೇ? ಆ್ಯಪಿಗೂ ಒಂದು ನೋಟ್‌ಪುಸ್ತಕ ತೆರೆದರು.

ಎಂಟು ಗಂಟೆಗೆ ಏರು ಹತ್ತಿ ಒಂದು ಕಂತು ಇಳಿಸಿದರು. ಅಲ್ಲೇ ನೋಡಿದರು, ಚೆನ್ನಾಗಿ ಓಡಿತು. 'ಹಾಜರು' ಎಂದು ಬರೆದರು. ಮನೆಗೆ ಬಂದು, ಫೋನನ್ನು ಮೇಜಿನ ಮೇಲಿಟ್ಟು, ಸ್ನಾನ ಮುಗಿಸಿ ನೋಡಿದರೆ ಆ್ಯಪ್ ಖಾಲಿ. 'ಗೈರು.'

ಹನ್ನೊಂದಕ್ಕೆ ಮತ್ತೆ ಹತ್ತಿದರು. ತಂಗುದಾಣದ ಪಕ್ಕ ಗೂಡಂಗಡಿ ಇಟ್ಟಿರುವ ದೇರಪ್ಪ ಫೋನು ತಿರುಗಿಸಿ ನೋಡಿ, "ಜಾಗ ಇಲ್ಲ ಮಾರಾಯ್ರೆ, ಫೋಟೋ ಎಲ್ಲಾ ತೆಗ್ದು ಬಿಸಾಕಿ" ಎಂದ. ಕರುವಿನ ಫೋಟೋ, ಮೆಣಸಿನ ಬಳ್ಳಿಯ ಫೋಟೋ, ಮಗಳು ಶಾಂಭವಿಯ ಮದುವೆಯಲ್ಲಿ ತಾವೇ ತೆಗೆದ ಊಟದೆಲೆಯ ಫೋಟೋ, ಎಲ್ಲ ಹೋಯಿತು. ವಿಡಿಯೊ ಇಳಿಯಿತು. ಮನೆಗೆ ಬಂದು ಉಂಡು ಕೈ ತೊಳೆದು ನೋಡಿದರೆ ಅದೂ ಇಲ್ಲ.

ಮೂರು ಗಂಟೆಗೆ ಮತ್ತೆ ಹತ್ತಲು ಹೊರಟಾಗ ಪಕ್ಕದ ಮನೆಯ ಕುಸುಮಾ ಬೇಲಿಯ ಹತ್ತಿರ ನಿಂತಿದ್ದಳು. "ದೊಡ್ಡಪ್ಪಾ, ಇಳಿಜಾರಲ್ಲಿ ದಡದಡ ಬಂದ್ರೆ ವಿಡಿಯೊ ಅಲ್ಲಾಡಿ ಅಳಿಸಿ ಹೋಗತ್ತಂತೆ. ಮೆಲ್ಲಗೆ ಬನ್ನಿ."

ಹೌದಿರಬಹುದು ಎನಿಸಿತು. ವಿಡಿಯೊ ಇಳಿಸಿಕೊಂಡು ವಾಪಸಾಗುವಾಗ ಅಷ್ಟೂ ದೂರ ಮೊಟ್ಟೆ ಹಿಡಿದವರಂತೆ ಎರಡೂ ಕೈಯಲ್ಲಿ ಫೋನು ಹಿಡಿದು ಹೆಜ್ಜೆ ಎಣಿಸುತ್ತ ಬಂದರು. ಸುಸ್ತಾಗಿ ಹತ್ತು ನಿಮಿಷ ಅಡ್ಡಾದರು. ಎದ್ದರೆ, ಗೈರು.

ಐದು ಗಂಟೆಗೆ ನಾಲ್ಕನೇ ಸಲ. ಈ ಸಲ ಫೋನು ಕೈಬಿಡಲೇ ಇಲ್ಲ. ಕಾಲು ತೊಳೆಯುವಾಗಲೂ ಅಂಗಿಯ ಜೇಬಿನಲ್ಲೇ ಇತ್ತು. ಜಗಲಿಯಲ್ಲಿ ಕೂತು ಒತ್ತಿದರು. ನೆಟ್‌ವರ್ಕಿನ ಹಂಗಿಲ್ಲದೆ ಸೀರಿಯಲ್ ಓಡಿತು.

"ಏ, ಬಾರೇ ಇಲ್ಲಿ! ಇನ್ಮೇಲೆ ಏರು ಹತ್ತೋ ಕೆಲ್ಸ ಇಲ್ಲ."

ಗುರುಸಿದ್ದಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು. "ಯಾರ್ರೀ ಈ ಹುಡುಗಿ?"

"ಯಾರು ಅಂದ್ರೆ? ಮೂರು ತಿಂಗಳಿಂದ ಇವಳನ್ನೇ ನೋಡ್ತಿದೀಯಲ್ಲೇ, ಇವಳೇ ಹೀರೋಯಿನ್ನು."

ಗುರುಸಿದ್ದಮ್ಮ ಪಕ್ಕದಲ್ಲಿ ಕೂತರು. "ನಾನೆಲ್ಲಿ ನೋಡ್ದೆ? ಅದು ಅಳೋದು ಕೇಳಿದ್ರೆ ನಂಗೆ ತಲೆನೋವು ಬರತ್ತೆ. ಕಣ್ಣು ಮುಚ್ಕೊಂಡು ಕೂತಿರ್ತಿದ್ದೆ."

"ಮತ್ತೆ ದಿನಾ ನನ್ನನ್ನ ಯಾಕೆ ಎಳ್ಕೊಂಡು ಹೋದೆ?"

"ನಡೀರಿ ಅಂದ್ರೆ ನಡೀತಿದ್ರಾ? ಡಾಕ್ಟ್ರ ಮಾತೇ ಕೇಳದವ್ರು ನನ್ನ ಮಾತು ಕೇಳ್ತೀರಾ? ಈ ಆ್ಯಪ್ ಬಂದ್ಮೇಲೆ ಇನ್ನು ಏಳಲ್ಲ ನೀವು ಅಂತ ಭಯ ಆಯ್ತು. ಅಳಿಸೋದು ಕುಸುಮಾ ಹೇಳ್ಕೊಟ್ಲು. ಕಸದ ಬುಟ್ಟಿ ಚಿತ್ರ ಒತ್ತಿದ್ರೆ ಆಯ್ತು." ಅವರ ದನಿ ಸಣ್ಣದಾಯಿತು. "ನಂಗೆ ಬೇಕಾಗಿರೋದು ನೀವು ಕಣ್ರೀ, ಸೀರಿಯಲ್ ಅಲ್ಲ."

ಮರುಳಸಿದ್ದಪ್ಪನವರಿಗೆ ಬೈಯಬೇಕೆನಿಸಿತ್ತು, ಬೈಯದೆ ವಿಡಿಯೊ ನಿಲ್ಲಿಸಿದರು. ನಾಯಿಗೆ ಹೆದರುವವಳಲ್ಲ ಇವಳು ಎಂಬುದು ಆಗ ನೆನಪಾಯಿತು.

ಗುರುಸಿದ್ದಮ್ಮ ಎದ್ದು ಬಾಗಿಲ ಹಿಂದಿನ ಕ್ಯಾಲೆಂಡರ್ ತಂದರು. ದಿನಕ್ಕೊಂದು ಸಣ್ಣ ಗೀಟು. ಹಾಲಿನ ಲೆಕ್ಕವೆಂದು ಇವರು ಇಷ್ಟು ದಿನ ತಿಳಿದಿದ್ದರು. ಹಿಂದಿನ ತಿಂಗಳು ಮಂಡಿನೋವೆಂದು ಸುಳ್ಳು ಹೇಳಿ ಮಲಗಿದ್ದ ಎರಡು ದಿನಗಳಲ್ಲಿ ಮಾತ್ರ 'ಗೈ' ಎಂದು ಬರೆದಿತ್ತು.

"ಆ್ಯಪ್ ತೆಗೀಬೇಡಿ, ತುಂಬಾ ಚೆನ್ನಾಗಿದೆ" ಎಂದರು ಗುರುಸಿದ್ದಮ್ಮ, ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಒಂದರ ಪಕ್ಕ ಒಂದು ನಾಲ್ಕು ಗೀಟು ಎಳೆಯುತ್ತ. "ನಾನು ಕರ್ಕೊಂಡು ಹೋದಾಗ ದಿನಕ್ಕೊಂದೇ ಸಲ ಹತ್ತುತ್ತಿದ್ರಿ."

ರೈಟರು ತಮ್ಮ ನೋಟ್‌ಪುಸ್ತಕ ಮುಚ್ಚಿ, ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟರು. "ನಾಳೆ ಆರಕ್ಕೇ ತಾನೇ?"