ಬೆಳಗಿಗೆ ಮರಳಿದ ಕಂಪ್ಯೂಟರ್

ಪರಾಗ್ವೆಯ ಇಟಾಪುವಾದಲ್ಲಿ ಚಳಿ ಕೂತು, ಚಹಾದಂತೆ ಕುಡಿಯುವ ಯೆರ್ಬಾ ಎಲೆಯ ಕೊಯ್ಲು ಬಿರುಸಾಗಿತ್ತು. ಸಹಕಾರ ಸಂಘದ ಲಾರಿ ತೂಗುವ ಕಟ್ಟೆಯ ಮುಂದೆ ಮೂಟೆ ಹೊತ್ತ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ತೂಕದ ಗುಮಾಸ್ತ ಎಪಿಫಾನಿಯೊ ಮಾತ್ರ, ಹಾಲು ಬತ್ತಿದ ಹಸುವಿನೆದುರು ಚೊಂಬು ಹಿಡಿದವನಂತೆ ಕಂಪ್ಯೂಟರಿನ ಮುಂದೆ ಕೂತಿದ್ದ. ಹಳೆಯ ಕಂಪ್ಯೂಟರ್ ಸತ್ತಿತ್ತು. ಹೊಸದು ಬಂದಿತ್ತು, ಆದರೆ ಕಟ್ಟೆಯ ಓಬೀರಾಯನ ಕಾಲದ ಪ್ರೋಗ್ರಾಮು ಅದರಲ್ಲಿ ಕಣ್ಣೇ ಬಿಡುತ್ತಿರಲಿಲ್ಲ.

"ಇವತ್ತು ಸರಿಹೋಗದಿದ್ರೆ ಒಂದೊಂದು ಮೂಟೇನೂ ನೀನೇ ಹೊತ್ತು ತಕ್ಕಡಿಗೆ ಹಾಕ್ಬೇಕು" ಎಂದರು ಸಂಘದ ಯಜಮಾನ ಡಾನ್ ಕ್ರಿಸ್ಪುಲೊ.

ಎಪಿಫಾನಿಯೊನ ಬೆನ್ನು ಆಗಲೇ ನೋಯತೊಡಗಿತು. ಎಂದೋ ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದುಕೊಟ್ಟದ್ದಕ್ಕೆ ಊರವರು ಅವನನ್ನು ಎಂಜಿನಿಯರ್ ಅನ್ನುತ್ತಿದ್ದರು; ಅವನೂ ಬೇಡವೆಂದಿರಲಿಲ್ಲ.

"ಹೊಸದರ ಹೊಟ್ಟೇಲಿ ಇನ್ನೊಂದು ಕಂಪ್ಯೂಟರ್ ಮಾಡ್ತೀನಿ. ವರ್ಚುವಲ್ ಮಷೀನ್ ಅಂತಾರೆ. ಅದಕ್ಕೆ ಹಳೇ ಆಪರೇಟಿಂಗ್ ಸಿಸ್ಟಮ್ ಹಾಕಿದ್ರಾಯ್ತು."

"ಎಷ್ಟು ಹಳೇದು?"

ಅವನಿಗೂ ಗೊತ್ತಿರಲಿಲ್ಲ.

"ಹೋರಿ ಕೊಳ್ಳೋ ಹಾಗೇನೇ ಮಾರಾಯ, ಹರೇದ್ದು ನೋಡು" ಎಂದ ಲಾರಿ ಡ್ರೈವರ್ ಬಲ್ಬಿನೊ. ಎಪಿಫಾನಿಯೊ ಸ್ವಲ್ಪವೇ ಹಳೆಯದನ್ನು ಹಾಕಿದ. ಕಟ್ಟೆ ತುಟಿ ಬಿಚ್ಚಲಿಲ್ಲ. ಇನ್ನಷ್ಟು ಹಳೆಯದನ್ನು ಹಾಕಿದ. ಬಲ್ಬಿನೊನ ತುಂಬಿದ ಲಾರಿಗೆ ಸೊನ್ನೆ ತೋರಿಸಿತು.

"ನಾನೇನು ಗಾಳಿ ತುಂಬ್ಕೊಂಡ್ ಬಂದಿದೀನೇನೋ?"

ಬಳೆಯಂಥ ಚಿಪಾ ರೊಟ್ಟಿ ಮಾರುವ ಞಾ ಒಬ್ದುಲಿಯಾ, ಅಂದರೆ ಒಬ್ದುಲಿಯಾ ಅಮ್ಮ, ಬುಟ್ಟಿ ಇಳಿಸಿ ಕೂತಳು. "ನನ್ನ ಒಲೆಯಷ್ಟು ಮುದೀದು ಹಾಕು ಮಗಾ. ನಡೀತು ಅಂದ್ರೆ ಹೊಟ್ಟೆ ತುಂಬ ಚಿಪಾ ನಂದು."

ಎಲ್ಲಕ್ಕಿಂತ ಮುದಿಯದನ್ನು ಹಾಕಿದ. ಕಟ್ಟೆ ಗಿಣಿಯಂತೆ ತೂಕ ಹೇಳತೊಡಗಿತು! ಲಾರಿಗಳು ಒಂದೊಂದಾಗಿ ಹತ್ತಿ, ತೂಗಿಸಿಕೊಂಡು, ಅಂಗಳದಲ್ಲಿ ಮೂಟೆ ಇಳಿಸಿ ಹೊರಟವು. ತೂಕದ ಚೀಟಿ ಸಂಜೆ ಒಟ್ಟಿಗೆ ಕೊಡುವುದು ಸಂಘದ ವಾಡಿಕೆ.

ಸಂಜೆ ಚೀಟಿಗೆ ಬಂದವರ ಮುಂದೆ ಡಾನ್ ಕ್ರಿಸ್ಪುಲೊ ಎಪಿಫಾನಿಯೊನ ಬೆನ್ನು ತಟ್ಟಿದರು. ಅಷ್ಟಕ್ಕೇ ಸುಮ್ಮನಿದ್ದರೆ ಅವನು ಎಂಜಿನಿಯರ್ ಹೇಗಾದಾನು?

"ಇದೇನು ಮಹಾ ಡಾನ್! ಬೆಳಿಗ್ಗೆ ಇದು ನಡೆದ ಕೂಡಲೇ ಆಗಿನ ಸ್ಥಿತೀನ ಹಾಗೇ ಕಾಪಿಟ್ಟಿದೀನಿ. ಕೆಟ್ಟುಹೋದ್ರೂ ಒಂದೇ ಒಂದು ಒತ್ತು, ಏನೂ ಆಗೇ ಇಲ್ಲ ಅನ್ನೋ ಹಾಗೆ ಬೆಳಗಿನಂತೆ ಎದ್ದು ಕೂರುತ್ತೆ."

"ಹೌದಾ? ತೋರ್ಸು."

ಒತ್ತಿದ. ಯಂತ್ರ ಕಣ್ಣು ಮುಚ್ಚಿ, ತೆರೆದು, ಎಳೆಗೂಸಿನಂತೆ ನಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸರಿ, ನಮ್ಮ ಚೀಟಿ ಕೊಡು" ಎಂದ ಬಲ್ಬಿನೊ.

ಎಪಿಫಾನಿಯೊ ಹುಡುಕಿದ. ಒಂದು ತೂಕವೂ ಇರಲಿಲ್ಲ. ಯಂತ್ರದ ಪಾಲಿಗೆ ಅದಿನ್ನೂ ಬೆಳಗು, ಏನೂ ಆಗೇ ಇರಲಿಲ್ಲ.

"ನಂದು ಭಾರೀ ಲೋಡು, ಜ್ಞಾಪಕ ಇದೆ" ಎಂದ ಒಬ್ಬ. "ನಂದು ಅದಕ್ಕಿಂತ್ಲೂ!" ಎಂದ ಇನ್ನೊಬ್ಬ. ಡಾನ್ ಕ್ರಿಸ್ಪುಲೊ ಗೋಡೆಯ ಮೊಳೆಯಿಂದ ತೂಗುತಕ್ಕಡಿ ಇಳಿಸಿದರು. ಅಂಗಳದ ತುಂಬ ಮೂಟೆಗಳು ಗುಡ್ಡವಾಗಿ ಬಿದ್ದಿದ್ದವು.

ಞಾ ಒಬ್ದುಲಿಯಾ ಎಪಿಫಾನಿಯೊನ ಎರಡು ಕೈಗೂ ಬಿಸಿ ಚಿಪಾ ತುರುಕಿದಳು.

"ನಡೀತು ತಾನೇ? ಕೊಟ್ಟ ಮಾತು ತೀರಿಸಿದೀನಿ. ತಿನ್ನು ಮಗಾ, ಹೊರೋಕೆ ಶಕ್ತಿ ಬೇಕಲ್ಲ."