ಪಠ್ಯಕ್ರಮವನ್ನು ಮನೆ ತುಂಬಿಸಿಕೊಂಡ ಬಗೆ

ನನ್ನ ಹಳೆಯ ದಿನಚರಿಯಲ್ಲಿ ೨೦೨೩ನೇ ಇಸವಿ ಏಪ್ರಿಲ್ ೧೦, ಸೋಮವಾರದ ಪುಟದಲ್ಲಿ ಹೀಗೆ ಬರೆದಿದೆ: "ಮೈತ್ರೇಯಿಯ ಪ್ರಗತಿ ಪತ್ರ ಬಂತು. ತೃಪ್ತಿಕರ ಎಂದಿದೆ. ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ."

ಮೈತ್ರೇಯಿ ನನ್ನ ಮೊಮ್ಮಗಳು. ಆಗತಾನೆ ಮೂರನೇ ತರಗತಿ ಮುಗಿಸಿದ್ದಳು. ನಂಜನಗೂಡಿನ ನಮ್ಮ ಮನೆಯಲ್ಲಿ ನಾನು ಬಿ.ಎ., ನಮ್ಮ ಯಜಮಾನರು ಶ್ರೀನಿವಾಸರಾಯರು ನಿವೃತ್ತ ಹೈಸ್ಕೂಲು ಮೇಷ್ಟ್ರು, ಮಗ ರಘೂತ್ತಮ ಎಂ.ಕಾಂ., ಸೊಸೆ ರಂಜನಿ ಬಿ.ಎಸ್ಸಿ. ಇಂಥ ಮನೆತನದಲ್ಲಿ ಅದುವರೆಗೆ ಯಾರೂ ತೃಪ್ತಿಕರರಾಗಿರಲಿಲ್ಲ. ಆದಕಾರಣ ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಓದಿಸುವುದೆಂದು ಮಾರನೆಯ ಬೆಳಿಗ್ಗೆ ಕಾಫಿಗೆ ಮೊದಲೇ ಸರ್ವಾನುಮತದಿಂದ ತೀರ್ಮಾನವಾಯಿತು. ರಂಜನಿ ಹಾಲು ಕಾಯಿಸುತ್ತಿದ್ದುದರಿಂದ ಅವಳ ಮತವನ್ನು ಪರವಾಗಿ ಎಣಿಸಲಾಯಿತು.

ಮನೆಪಾಠದ ಪುಸ್ತಕಗಳನ್ನು ಮಾರುವ ಮೈಸೂರಿನ ಒಂದು ಕಂಪನಿಯಿಂದ ಅಮೃತೇಶ್ ಎಂಬ ಯುವಕ ಬಂದ. "ಮೇಡಂ, ನಮ್ಮಲ್ಲಿ ಮೂರು ಥರ ಇದೆ. ನಿಮ್ಮ ಫ್ಯಾಮಿಲಿಗೆ ಯಾವುದು ಹೊಂದುತ್ತೋ ಅದನ್ನ ತಗೊಳ್ಳಿ" ಎಂದ.

ಕುಟುಂಬಕ್ಕೆ ಹೊಂದುವುದನ್ನು ಆರಿಸುವ ವಿಧಾನ ನಮ್ಮಲ್ಲಿ ಒಂದೇ ಇದೆ. ನನ್ನನ್ನು ಆರಿಸಿದ್ದು ಹಾಗೆಯೇ, ರಂಜನಿಯನ್ನು ಆರಿಸಿದ್ದೂ ಹಾಗೆಯೇ. ಹೊರಗಿನಿಂದ ಬಂದು, ನಮ್ಮ ಮನೆಯೊಳಗೇ ಇದ್ದು, ನಮ್ಮ ಮಕ್ಕಳನ್ನು ತಿದ್ದಬೇಕಾದವಳು ಸೊಸೆ. ಪಠ್ಯಕ್ರಮದ ಕೆಲಸವೂ ಇದೇ. ಹೀಗಾಗಿ ಯಜಮಾನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಗಿ, ಫ್ರಿಜ್ಜಿನ ಬಾಗಿಲಿಗೆ ಈ ಕೆಳಗಿನ ಪ್ರಕಟಣೆಯನ್ನು ಅಂಟಿಸಲಾಯಿತು:

"೧. ಜಾತಕ ಕೂಡಿಬರದ ಯಾವ ಪುಸ್ತಕವನ್ನೂ ತೆರೆಯತಕ್ಕದ್ದಲ್ಲ. ೨. ನೋಡುವ ಶಾಸ್ತ್ರದ ದಿನ ಉಪ್ಪಿಟ್ಟು, ಕೇಸರಿಬಾತು ಮಾತ್ರ. ಒಪ್ಪಿಗೆಯಾಗುವ ತನಕ ಊಟ ಹಾಕತಕ್ಕದ್ದಲ್ಲ. ೩. ಈ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳತಕ್ಕದ್ದಲ್ಲ. ಅದಕ್ಕಿನ್ನೂ ತಿಳಿವಳಿಕೆ ಸಾಲದು."

ಮೂರು ಪಠ್ಯಕ್ರಮಗಳನ್ನೂ ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದೆವು. ಅಮೃತೇಶ್ ಹೆಣ್ಣಿನ ಕಡೆಯವನಾಗಿ ಚಾಪೆಯ ಅಂಚಿಗೆ ಕೂತ.

"ಹಾಡು ಬರುತ್ತೋ?" ಎಂದು ಯಜಮಾನರು ಕೇಳಿದರು.

"ಆಪ್‌ನಲ್ಲಿದೆ ಸಾರ್" ಎಂದು ಅವನು ಮೊಬೈಲಿನಲ್ಲಿ ಒಂದನ್ನು ಹಾಕಿದ.

"ಕಂಠ ಪರವಾಗಿಲ್ಲ. ಅಡಿಗೆ?"

ಅಮೃತೇಶ್ ಪುಟ ತಿರುವಿದ. "ಒಲೆ ಹಚ್ಚದೆ ಕೋಸಂಬರಿ ಮಾಡೋದು. ನಾಲ್ಕನೇ ಅಧ್ಯಾಯ ಸಾರ್."

ಬಾಗಿಲ ಹಿಂದೆ ನಿಂತಿದ್ದ ರಂಜನಿ, "ನನಗೆ ಬರೀ ಕೋಸಂಬರಿ ಬರುತ್ತೆ ಅಂದಿದ್ದಿದ್ರೆ ಅವತ್ತೇ ವಾಪಸ್ ಕಳಿಸ್ತಿದ್ರಿ" ಎಂದಳು. ಸಭಾ ನಡಾವಳಿಯಲ್ಲಿ ಇದನ್ನು ಸೇರಿಸಲಿಲ್ಲ.

ಜಾತಕ ನೋಡುವವನು ನನ್ನ ಮೈದುನ ಮುರಳೀಧರ. ಪುಸ್ತಕದ ಮೊದಲ ಪ್ರತಿ ಅಚ್ಚಾದ ದಿನ, ಗಳಿಗೆ, ಊರು ಕೇಳಿ ಬರೆದುಕೊಂಡ. ಮೊದಲನೆಯದು ಆಶ್ಲೇಷಾ ನಕ್ಷತ್ರದ್ದು. "ಅತ್ತೆಗೆ ಆಗಲ್ಲ ಅತ್ತಿಗೆ" ಎಂದ. ಈ ಮನೆಯಲ್ಲಿ ಅತ್ತೆ ಎಂದರೆ ನಾನೊಬ್ಬಳೇ. ಯಾವ ವೈಯಕ್ತಿಕ ಕಾರಣವೂ ಇಲ್ಲದೆ ಅದನ್ನು ತಿರಸ್ಕರಿಸಿದೆ.

ಎರಡನೆಯದು ಕನ್ನಡದ್ದು. ಯಜಮಾನರು ಎರಡು ಸಂಜೆ ಕೂತು ಓದಿ, ಇಷ್ಟು ಚೆನ್ನಾಗಿ ಭಿನ್ನರಾಶಿ ಹೇಳಿಕೊಡುವ ಪುಸ್ತಕವನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಆದರೆ ಅದನ್ನು ಸಂಪಾದಿಸಿದ ವಿದ್ವಾಂಸರು ಭಾರದ್ವಾಜ ಗೋತ್ರದವರೆಂದು ತಿಳಿಯಿತು. ನಾವೂ ಭಾರದ್ವಾಜರೇ. "ಸಗೋತ್ರ. ಇದು ಮನೆಮಗಳಾಗುತ್ತೆ, ಸೊಸೆಯಾಗಲ್ಲ" ಎಂದ ಮುರಳೀಧರ. ಯಜಮಾನರು ಕನ್ನಡಕ ಒರೆಸಿಕೊಂಡು ಪುಸ್ತಕವನ್ನು ಮುಚ್ಚಿದರು.

ಮೂರನೆಯದು ವಿಲಾಯಿತಿಯದ್ದು. ಗೋತ್ರ ಗೊತ್ತಿಲ್ಲದವರನ್ನು ಕಾಶ್ಯಪರೆಂದು ತಿಳಿಯುವ ಪದ್ಧತಿಯಿರುವುದರಿಂದ ಅದು ಕಾಶ್ಯಪ ಗೋತ್ರದ್ದಾಯಿತು. ಅದರ ಮೊದಲ ಪಾಠ ಹಿಮದಲ್ಲಿ ಬೊಂಬೆ ಮಾಡುವುದು. ನಂಜನಗೂಡಿಗೂ ಹಿಮಕ್ಕೂ ಏನು ಸಂಬಂಧವೆಂದು ರಘೂತ್ತಮ ಕೇಳಿದ. ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಕೂಡಿರುವಾಗ ಹವಾಮಾನದ ಮಾತು ಎತ್ತಬಾರದೆಂದು ಅವನಿಗೆ ತಿಳಿಸಲಾಯಿತು.

ಇಷ್ಟರಲ್ಲಿ ಜೂನ್ ಬಂದು ಊರಿನ ಮಕ್ಕಳೆಲ್ಲ ಶಾಲೆಗೆ ಹೋಗತೊಡಗಿದ್ದರು. ಮೈತ್ರೇಯಿ ದಿನಾ ಬೆಳಿಗ್ಗೆ ಜಗುಲಿಯಲ್ಲಿ ಕೂತು ಅವರು ಹೋಗುವುದನ್ನು ನೋಡುವಳು. ಆಮೇಲೆ ಒಳಗೆ ಬಂದು ದಿಂಬುಗಳನ್ನು ಸಾಲಾಗಿ ಇಟ್ಟು ಹಾಜರಿ ಕೂಗುವಳು.

"ಅಜ್ಜಿ, ನಾನೀಗ ಎಷ್ಟನೇ ಕ್ಲಾಸು?"

"ಪರಿಶೀಲನೆಯಲ್ಲಿದೆ ಪುಟ್ಟಿ."

ಜೂನ್ ೧೧ರ ಭಾನುವಾರ ಪಠ್ಯಕ್ರಮವನ್ನು ಮನೆ ತುಂಬಿಸಿಕೊಂಡೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟೆ. ರಟ್ಟಿನ ಪೆಟ್ಟಿಗೆಗೆ ಕಾಲಿಲ್ಲದ್ದರಿಂದ ಅಮೃತೇಶ್ ಅದನ್ನು ಹಿಂದಿನಿಂದ ತಳ್ಳಿ ಸೇರನ್ನು ಬೀಳಿಸಿದ. ಬಲಗಡೆಯ ಮೂಲೆಯೇ ಮೊದಲು ಒಳಗೆ ಬಂತು. ಆರತಿ ಮಾಡಿ, ರೇಷ್ಮೆ ಸೀರೆ ಹೊದಿಸಿ, ದೇವರ ಮನೆಯ ಪಕ್ಕದ ಕೋಣೆಯಲ್ಲಿ ಇಟ್ಟೆವು. ಮೈತ್ರೇಯಿ ಪೆಟ್ಟಿಗೆಯ ಟೇಪು ಕೀಳಲು ಬಂದಳು. ಹೊಸ ಸೊಸೆಗೆ ಮೊದಲ ವಾರ ಕೆಲಸ ಹೇಳಬಾರದೆಂದು ಅವಳನ್ನು ತಡೆದೆ.

"ನನಗೆ ಮಾರನೇ ದಿನವೇ ಒಂದು ಚೀಲ ಅವರೆಕಾಯಿ ಸುಲಿಯಕ್ಕೆ ಕೊಟ್ರಿ ಅತ್ತೆ" ಎಂದಳು ರಂಜನಿ.

"ಆಗ ಅವರೆಕಾಯಿ ಕಾಲ" ಎಂದೆ.

ವಾರ ಮುಗಿಯುತ್ತಲೇ ಆಷಾಢ ಹುಟ್ಟಿತು. ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸ್ತಿಲು ದಾಟಕೂಡದು. ಸೊಸೆಯನ್ನು ತವರಿಗೆ ಕಳಿಸಬೇಕು. ತವರೆಂದರೆ ಮೈಸೂರಿನ ಗೋಡೌನು. ಟೇಪು ಕೀಳದ ಪೆಟ್ಟಿಗೆಗೆ ಮಡಿಲು ತುಂಬಿ ಆಟೋದಲ್ಲಿ ಕಳಿಸಿದೆವು.

ಅಮೃತೇಶ್ ಫೋನ್ ಮಾಡಿದ. "ಮೇಡಂ, ಇಲ್ಲಿ ಇಟ್ಕೊಂಡ್ರೆ ತಿಂಗಳಿಗಿಷ್ಟು ಅಂತ ಬಾಡಿಗೆ ಆಗುತ್ತೆ."

"ತವರಿನವರು ಮಗಳನ್ನ ಇಟ್ಟುಕೊಳ್ಳೋಕೆ ಬಾಡಿಗೆ ಕೇಳೋದು ನಾನು ಕಂಡಿಲ್ಲಪ್ಪ."

"ಗೋಡೌನು ಬೇರೆಯವರದ್ದು ಮೇಡಂ. ತವರೇ ಬಾಡಿಗೆ ಮನೇಲಿದೆ."

ಅವನ ಕಷ್ಟ ಅರ್ಥವಾಗಿ ಒಪ್ಪಿಕೊಂಡೆ.

ಅದೇ ಮಧ್ಯಾಹ್ನ ರಂಜನಿ ಸೆರಗಿಗೆ ಕೈ ಒರೆಸುತ್ತಾ ಬಂದಳು. "ಅತ್ತೆ, ಆಷಾಢಕ್ಕೆ ಸೊಸೆ ತವರಿಗೆ ಹೋಗೋದು ಸರಿ ತಾನೆ?"

"ಸರಿ."

"ಹಂಗಾದ್ರೆ ನಾನೂ ಹೋಗ್ತೀನಿ. ಮಗೂನ ಕರ್ಕೊಂಡು ಹೋಗ್ತೀನಿ. ಇಲ್ಲಿ ಅವಳಿಗೆ ಓದೋಕೇನೂ ಉಳಿದಿಲ್ಲ."

ಮದುವೆಯಾಗಿ ಹನ್ನೊಂದು ವರ್ಷವಾದ ಸೊಸೆ ಹೋಗಕೂಡದು ಎಂಬ ನಿಯಮವನ್ನು ಸಮಿತಿ ಹುಡುಕಿತು. ಸಿಗಲಿಲ್ಲ. ಇಬ್ಬರೂ ತಿ. ನರಸೀಪುರದ ಬಸ್ಸು ಹತ್ತಿ ಅವಳ ತವರಾದ ಹೆಮ್ಮಿಗೆಗೆ ಹೋದರು.

ಆ ವಾರವೇ ನನಗೊಂದು ಫೋನ್ ಬಂತು. "ನಮಸ್ಕಾರ ತಾಯಿ. ಹೆಮ್ಮಿಗೆ ಸರ್ಕಾರಿ ಇಸ್ಕೂಲಿಂದ ಚಾಮಯ್ಯ ಅಂತ, ಹೆಡ್ ಮೇಷ್ಟ್ರು. ಮಗೀನ ನಾಕ್ನೇ ಕ್ಲಾಸಿಗೆ ಸೇರ್ಸವ್ರೆ. ಟಿ.ಸಿ. ನಿಮ್ಮತ್ರ ಐತಂತೆ, ಕಳ್ಸಿಕೊಡ್ತೀರಾ?"

ನಾನು ಗಾಬರಿಯಾಗದೆ ಪೆನ್ನು ತೆಗೆದುಕೊಂಡೆ. "ನಿಮ್ಮ ಶಾಲೆ ಹುಟ್ಟಿದ ದಿನಾಂಕ ಹೇಳಿ."

"ಕಟ್ಟಡದ್ದಾ, ಇಸ್ಕೂಲಿಂದಾ ತಾಯಿ? ಕಟ್ಟಡ ಮೂರು ಸತಿ ಕಟ್ಟವ್ರೆ."

"ಹೋಗಲಿ, ಗೋತ್ರ?"

ಅವರು ಸ್ವಲ್ಪ ಯೋಚಿಸಿದರು. "ಸರ್ಕಾರಿ ತಾಯಿ."

ಮುರಳೀಧರ ಆ ರಾತ್ರಿ ಗ್ರಂಥ ನೋಡಿ ತೀರ್ಪು ಕೊಟ್ಟ. ನೆಂಟರ ಮನೆಯಲ್ಲಿ ಪಂಕ್ತಿಗೆ ಕೂತರೆ ಸಂಬಂಧ ಬೆಳೆಸಿದಂತಲ್ಲ. ಮಗು ಅಲ್ಲಿ ಅತಿಥಿಯಾಗಿ ಓದಬಹುದು. ಆಷಾಢ ಮುಗಿದ ಕೂಡಲೇ ತನ್ನ ಮನೆಯ ಪಠ್ಯಕ್ರಮಕ್ಕೆ ಮರಳತಕ್ಕದ್ದು. ಟಿ.ಸಿ. ಕಳಿಸಿಕೊಟ್ಟೆ.

ಆದರೆ ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ. ಅಧಿಕ ಮಾಸದಲ್ಲಿ ಯಾವ ಸೊಸೆಯನ್ನೂ ಕರೆತರುವಂತಿಲ್ಲ. ತವರಿಗೆ ಇನ್ನೊಂದು ತಿಂಗಳ ಬಾಡಿಗೆ ಕಳಿಸಿದೆವು. ಜೊತೆಗೆ ಮೂವತ್ತಮೂರು ಅತಿರಸ. ಅತಿರಸ ಬಹಳ ಮೆದುವಾಗಿತ್ತೆಂದು ಅಮೃತೇಶ್ ಮೆಸೇಜು ಹಾಕಿದ.

ಆಗಸ್ಟ್ ಮೂರನೇ ವಾರ ನಿಜ ಶ್ರಾವಣ ಬಂದು ಪೆಟ್ಟಿಗೆ ಮರಳಿತು. ಮಗುವನ್ನು ಕರೆಯಲು ನಾನೇ ಫೋನ್ ಮಾಡಿದೆ.

"ಪುಟ್ಟಿ, ಪುಸ್ತಕ ಬಂದಿದೆ. ಬಾ."

"ಅಜ್ಜಿ, ಅದನ್ನ ಚೆನ್ನಾಗಿ ನೋಡ್ಕೊ. ನಂಗೆ ನಾಳೆ ಕಬಡ್ಡಿ ಐತೆ. ನಾಡಿದ್ದು ಮೇಷ್ಟ್ರು ಭಿನ್ನರಾಶಿ ಏಳ್ಕೊಡ್ತಾರೆ. ಈಗ ಓಗ್ಬುಟ್ಟು ಆಮೇಲೆ ಫೋನ್ ಮಾಡ್ತೀನಿ."

ಸ್ಪೀಕರಿನಲ್ಲಿ ಕೇಳಿಸಿಕೊಂಡ ಯಜಮಾನರು, "ಹಕಾರ ಬಿಟ್ಟುಹೋಗಿದೆ" ಎಂದರು.

"ಮಿಕ್ಕಿದ್ದೆಲ್ಲ ಬಂದಿದೆಯಲ್ಲಪ್ಪ" ಎಂದ ರಘೂತ್ತಮ.

ಸಮಿತಿ ಕೊನೆಯ ಸಭೆ ಸೇರಿ, ಪಠ್ಯಕ್ರಮವು ಕುಟುಂಬಕ್ಕೆ ಪರಿಪೂರ್ಣವಾಗಿ ಹೊಂದಿದೆ ಎಂಬ ನಿರ್ಣಯ ಅಂಗೀಕರಿಸಿತು. ಅದು ಎದುರು ಮಾತಾಡುವುದಿಲ್ಲ. ಇಟ್ಟ ಕೋಣೆಯಲ್ಲಿ ಇರುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮುತ್ತೈದೆಯರು ಪೆಟ್ಟಿಗೆಗೂ ಅರಿಸಿನ ಕುಂಕುಮ ಕೊಟ್ಟರು. ಇಂಥ ಸೊಸೆ ನಮಗೂ ಸಿಗಬೇಕಿತ್ತು ಎಂದು ಒಂದಿಬ್ಬರು, ಹಬ್ಬಕ್ಕೆಂದು ಬಂದಿದ್ದ ರಂಜನಿಯ ಎದುರಿಗೇ ಹೇಳಿದರು. ಆ ವರ್ಷ ನಂಜನಗೂಡಿನಲ್ಲಿ ಆರು ಮನೆಯವರು ಜಾತಕ ನೋಡಿಯೇ ಪಠ್ಯಕ್ರಮ ತಂದುಕೊಂಡರು. ಈಗ ಕಂಪನಿಯವರು ಪ್ರತಿ ಪುಸ್ತಕದ ಬೆನ್ನಿಗೆ ನಕ್ಷತ್ರ, ಪಾದ ಅಚ್ಚು ಹಾಕಿಸುತ್ತಾರೆ. ಆಶ್ಲೇಷಾದಲ್ಲಿ ಮುದ್ರಣ ನಿಲ್ಲಿಸಿದ್ದಾರೆ.

ಮೈತ್ರೇಯಿ ಐದಕ್ಕೆ ಬಂದಾಗ ಐದನೇ ತರಗತಿಯ ಪೆಟ್ಟಿಗೆ ತರುವ ಮಾತು ಬಂತು. ನಾಲ್ಕನೆಯದು ಗಟ್ಟಿಯಾಗಿ ಇರುವಾಗ ಸವತಿಯನ್ನು ತರುವುದು ಧರ್ಮವಲ್ಲ ಎಂದ ಮುರಳೀಧರ. ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಒಪ್ಪಿದವಳು ರಂಜನಿ. ಮಗು ಹೆಮ್ಮಿಗೆಯಲ್ಲೇ ಐದು ಓದಿತು, ಆರೂ ಓದಿತು. ಈಗಲೂ ಅತಿಥಿಯೇ.

ಖರ್ಚು ಹೀಗಿದೆ. ಪಠ್ಯಕ್ರಮಕ್ಕೆ ಮೂವತ್ತೆಂಟು ಸಾವಿರ, ರೇಷ್ಮೆ ಸೀರೆಗೆ ಆರು ಸಾವಿರ, ತವರಿನ ಬಾಡಿಗೆ ಎರಡು ತಿಂಗಳದ್ದು ಮೂರು ಸಾವಿರ. ಹೆಮ್ಮಿಗೆಯ ಶಾಲೆಗೆ ಏನೂ ಕೊಟ್ಟಿಲ್ಲ. ಪುಸ್ತಕ, ಮಧ್ಯಾಹ್ನದ ಊಟ ಅವರದ್ದೇ. ಮೊಮ್ಮಗಳು ಶನಿವಾರ ಮಧ್ಯಾಹ್ನ ತಾಯಿಯ ಜೊತೆ ಬರುತ್ತಾಳೆ, ಭಾನುವಾರ ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಉಳಿದ ದಿನ ಮನೆಯಲ್ಲಿ ಅವಳು ಇರುವುದಿಲ್ಲ.