ಶವಾಸನಕ್ಕೆ ನಿಂತ ಮಗ್ಗಗಳು

ಸಾವಿಗೆ ಹೆದರುವುದಿಲ್ಲ ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಾವಿನ ಮಾತಿರಲಿ, ಪಕ್ಕದ ಮನೆಯವರು ಸೀನಿದರೂ ನಾನು ಹೆದರುತ್ತೇನೆ. ಈ ಸಲ ಮಳೆ ನಿಂತ ಮೇಲೆ ಸೇಲಂನಲ್ಲಿ ಜ್ವರ ಬೀದಿ ಬೀದಿ ಸುತ್ತತೊಡಗಿತು. ಮಗ್ಗದ ಮುಂದೆ ಕೂತು ಲಾಳಿ ಎಳೆಯುತ್ತಲೇ ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಿಸಿಯಾಗಿದ್ದರೆ ಜ್ವರ ಬಂತೆಂಬ ಭಯ, ತಣ್ಣಗಿದ್ದರೆ ಕಥೆ ಮುಗಿಯಿತೆಂಬ ಭಯ. ಎದುರಿಗೆ ಸಿಕ್ಕವರಿಗೆಲ್ಲ, "ಈ ಸಲ ನಾನು ಉಳಿಯಾದು ಕಷ್ಟ" ಎಂದು ಬೇರೆ ಹೇಳಿಕೊಂಡು ತಿರುಗಿದೆ.

ಕಡಯಂಪಟ್ಟಿಗೆ ಕೊಟ್ಟಿರುವ ಮಗಳು ಕಲಾ ಫೋನಿನಲ್ಲಿ ರೇಗಿದಳು. "ಅಪ್ಪಾ, ಸಾಯ್ತೀನಿ ಸಾಯ್ತೀನಿ ಅಂತ ಸುಮ್ಮಾ ಪುಲಂಬಬ್ಯಾಡ. ದಿನಾ ಯೋಗಾ ಮಾಡು. ಎದಿರ್ಪು ಶಕ್ತಿ ಬಂದ್ರೆ ಯಾವ ಕಾಯ್ಲೆನೂ ಅತ್ರ ಬರಾಕಿಲ್ಲ." ಜೊತೆಗೊಂದು ವಿಡಿಯೋ ಕಳಿಸಿದಳು. ಅದರಲ್ಲಿದ್ದ ಹೆಂಗಸು ಬಗ್ಗಿ ನಗುನಗುತ್ತಲೇ ಮೊಣಕಾಲಿಗೆ ಮೂಗು ತಾಗಿಸಿದಳು. ನನ್ನ ಮೂಗಿಗೂ ಮೊಣಕಾಲಿಗೂ ಚಿಕ್ಕಂದಿನಿಂದಲೇ ಅಷ್ಟು ಒಡನಾಟವಿಲ್ಲ. ಕೊನೆಯಲ್ಲಿ ಬಂದ ಶವಾಸನ ಮಾತ್ರ ನನ್ನಂಥವನಿಗೇ ಹೊಂದುವಂತಿತ್ತು. ಹೆಸರು ಕೇಳಿ ಎದೆ ಧಸಕ್ಕೆಂದಿತು, ನಿಜ. ಆದರೆ ಸುಮ್ಮನೆ ಮಲಗಿ ಶಕ್ತಿ ಬರುವುದಾದರೆ ಹೆಸರಿನಲ್ಲೇನಿದೆ ಎಂದು ಸಮಾಧಾನ ಮಾಡಿಕೊಂಡೆ.

ಒಂದು ದಿನ ಬೆಳಿಗ್ಗೆ ಏಳುವುದು ತಡವಾಯಿತು. ಬೀದಿಯ ಮಗ್ಗಗಳೆಲ್ಲ ಆಗಲೇ ಲಟಕ್ ಪಟಕ್ ಎನ್ನುತ್ತಿದ್ದವು. ನಾನೂ ಒಂದಷ್ಟು ನೇಯ್ದು, ಆಮೇಲೆ ನೆನಪಾಗಿ ಮಗ್ಗ ನಿಲ್ಲಿಸಿದೆ. ಒಳ್ಳೆಯ ಗಾಳಿ ಬರಲೆಂದು ಬಾಗಿಲು ತೆರೆದಿಟ್ಟು, ಮಗ್ಗದ ಪಕ್ಕದ ಗೇಣಗಲ ಜಾಗದಲ್ಲಿ ಉದ್ದಕ್ಕೆ ಮಲಗಿದೆ. ತೆರೆದ ಬಾಗಿಲಿನಿಂದ ಸೊಳ್ಳೆ ಬಂದರೆ? ತಲೆಯಿಂದ ಕಾಲಿನವರೆಗೆ ಬಿಳಿ ಪಂಚೆ ಹೊದ್ದುಕೊಂಡೆ. ಹೆಂಡತಿ ನನ್ನ ತಲೆಯ ಹತ್ತಿರ ಊದುಬತ್ತಿ ಹಚ್ಚಿಟ್ಟು, ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು.

ಕಣ್ಣು ಮುಚ್ಚಿ ಉಸಿರು ಸಣ್ಣಗೆ ಬಿಡುತ್ತಿದ್ದೆ. ಆಗ ಎದುರುಮನೆಯ ಮಗ್ಗ ನಿಂತಿತು. ಅದರ ಪಕ್ಕದ್ದೂ ನಿಂತಿತು. ಹೀಗೆ ಒಂದೊಂದಾಗಿ ಬೀದಿಯುದ್ದಕ್ಕೂ ಸದ್ದು ಅಡಗುತ್ತಾ ಹೋಯಿತು. ನಮ್ಮವು ಕೈಮಗ್ಗಗಳು, ಕರೆಂಟು ಹೋಯಿತೆನ್ನುವ ಹಾಗಿಲ್ಲ. ಅಂದು ಅಮಾವಾಸ್ಯೆಯ ರಜೆಯೂ ಅಲ್ಲ. ನಮ್ಮ ಬೀದಿಯಲ್ಲಿ ನೇಯುವ ಹೊತ್ತಿನಲ್ಲಿ ಮಗ್ಗಗಳೆಲ್ಲ ನಿಲ್ಲುವುದು ಒಂದಕ್ಕೇ. ಯಾರಾದರೂ ತೀರಿಕೊಂಡರೆ, ಹೆಣ ಎತ್ತುವವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ.

ಪಂಚೆಯೊಳಗೇ ಹಣೆ ಮುಟ್ಟಿ ನೋಡಿಕೊಂಡೆ. ಜ್ವರ ಕೊನೆಗೂ ಯಾರನ್ನೋ ಹೊತ್ತುಕೊಂಡು ಹೋಯಿತು! ಯಾರಿರಬಹುದು? ನಿನ್ನೆ ಕೆಮ್ಮುತ್ತಿದ್ದ ಎದುರುಮನೆಯವನೇ? ಅವನ ಜೊತೆ ನಾನು ಟೀ ಕುಡಿದಿದ್ದೆ. ಮುಂದಿನ ಸರದಿ ನನ್ನದೇ. ಎದ್ದು ಹೋಗಿ ಕೇಳಲು ಧೈರ್ಯ ಸಾಲದೆ, ಬಂದ ಶಕ್ತಿಯಾದರೂ ಉಳಿಯಲಿ ಎಂದು ಇನ್ನೂ ಬಿಗಿಯಾಗಿ ಮಲಗಿದೆ.

ಬಾಗಿಲಲ್ಲಿ ಹೆಜ್ಜೆಗಳ ಸದ್ದಾಯಿತು. ಹಿತ್ತಲಿನಿಂದ ಹೆಂಡತಿ ಓಡಿಬಂದು, "ಅಯ್ಯೋ ಚೌಡಕ್ಕಾ, ಮಗ್ಗಾ ಎಲ್ಲಾ ನಿಂತವೆ! ಯಾರ್ ಓದ್ರು?" ಎಂದಳು.

ಪಕ್ಕದ ಮನೆಯ ಮುದುಕಿ ಚೌಡಕ್ಕ ಗೊಳೋ ಎಂದಳು. "ನನ್ ಕೇಳ್ತೀಯಲ್ಲೇ ತಾಯೀ! ನಿನ್ ಗಂಡ ಇಂಗೆ ಮಲ್ಗವ್ನೆ, ನಿಂಗೇ ಗೊತ್ತಿಲ್ವಾ? ಉಳಿಯಾಕಿಲ್ಲ ಅಂತ ಮೊನ್ನೇನೇ ಯೋಳ್ದ, ಮಹಾರಾಯ!"

ಪಂಚೆ ಸರಿಸಿದೆ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಟೀ ಕುಡಿದವನ ಕಣ್ಣಲ್ಲಿ ನೀರಿತ್ತು. ಸುಳ್ಳೇಕೆ ಹೇಳಲಿ, ಅಷ್ಟು ಜನ ಒಟ್ಟಿಗೆ ತಪ್ಪು ತಿಳಿಯಲಾರರು ಎನಿಸಿ, ಮೆಲ್ಲಗೆ ನನ್ನ ನಾಡಿ ಹಿಡಿದು ನೋಡಿಕೊಂಡೆ.

"ಯೋಗಾ ಕಣಕ್ಕಾ" ಎಂದೆ ಕುಗ್ಗಿದ ದನಿಯಲ್ಲಿ.

ಚೌಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬೈದಳು. "ಮಾಡು ತಮ್ಮಾ, ಬ್ಯಾಡ ಅನ್ನಾಕಿಲ್ಲ. ಮಗ್ಗಾ ಮಾತ್ರ ನಿಲ್ಲಿಸ್ಬ್ಯಾಡ."

ಮಗ್ಗಗಳು ಮತ್ತೆ ಒಂದೊಂದಾಗಿ ಸದ್ದು ಮಾಡಿದವು. ಆ ಸದ್ದು ಅಷ್ಟು ಹಿತವಾಗಿ ನನಗೆ ಎಂದೂ ಕೇಳಿರಲಿಲ್ಲ. ಈಗ ನಾನು ಶವಾಸನಕ್ಕೆ ಮಲಗಿದಾಗ ಹೆಂಡತಿ ನನ್ನ ಮಗ್ಗದಲ್ಲಿ ಕೂತು ನೇಯುತ್ತಾಳೆ. ನಾನಿದ್ದೇನೆಂದು ಬೀದಿಗೆ ಗೊತ್ತಾಗಬೇಕಲ್ಲ. ತೊಂದರೆಯೆಂದರೆ, ಕಡಿದ ಎಳೆ ಕಟ್ಟಲು ಅವಳು ನಡುವೆ ಕೈ ನಿಲ್ಲಿಸುತ್ತಾಳೆ. ಆಗೆಲ್ಲ ನಾನು ಪಂಚೆಯೊಳಗೆ ಕಾಲಿನ ಹೆಬ್ಬೆರಳು ಅಲ್ಲಾಡಿಸಿ ನೋಡಿಕೊಳ್ಳುತ್ತೇನೆ.